ಮಾತು ಬಾರದ ಮಗುವಿಗೆ ಯಾವ ಭಾಷೆ?

ಮಗುವಿಗೆ ಎರಡೂವರೆ ವರ್ಷ ತುಂಬಿದರೂ ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಬೇಕಾದ ವಸ್ತುವನ್ನು ಬೆರಳು ತೋರಿಸಿ ಕೇಳದೆ, ತಾಯಿಯ ಕೈಯನ್ನೇ ಎಳೆದುಕೊಂಡು ಹೋಗಿ ಅದರ ಮೇಲಿಡುತ್ತದೆ. ಮನೆಯವರು ಗಾಬರಿಗೊಂಡು ಆಸ್ಪತ್ರೆಗೆ ಓಡುವುದು ಸಹಜವೇ. ಆದರೆ ಗಡಿನಾಡಿನ ಕನ್ನಡ ಮನೆಯವರಿಗೆ ಅಲ್ಲಿ ಚೀಟಿಯೊಂದಿಗೆ ಒಂದು ಉಪದೇಶವೂ ಆಗಾಗ ಸಿಗುತ್ತದೆ: ಮನೆಯಲ್ಲಿ ಒಂದೇ ಭಾಷೆ ಆಡಿರಿ, ಅದೂ ಶಾಲೆಯ ಭಾಷೆಯನ್ನೇ ಆಡಿರಿ. ಕಾಸರಗೋಡಿನಲ್ಲಾದರೆ ಅದು ಮಲೆಯಾಳ; ಮರಾಠವಾಡದ ಉಮರ್ಗಾ, ನಿಲಂಗಾ, ಉದಗೀರಗಳಲ್ಲಾದರೆ ಮರಾಠಿ; ನಾಲ್ಕು ಕಾಸು ಇದ್ದವರಿಗೆ ಎರಡೂ ಕಡೆ ಇಂಗ್ಲಿಷು. ಸದುದ್ದೇಶದಿಂದ ಬಂದ ಈ ಉಪದೇಶವು ಮಗುವಿಗೂ ತಾಯಿಗೂ ಏಕಕಾಲದಲ್ಲಿ ಅನ್ಯಾಯ ಮಾಡುತ್ತದೆಂಬುದು ನಮ್ಮ ಅಭಿಪ್ರಾಯ.

ಉದಗೀರ, ನಿಲಂಗಾಗಳ ಹೆಸರು ನಮ್ಮ ಓದುಗರಿಗೆ ದೂರದ್ದೆನಿಸಬಹುದು. ಆದರೆ ನಮಗೂ ಅವಕ್ಕೂ ಒಂದೇ ಜಾತಕ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯಿಂದ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳನ್ನು ಕಡಿದು ಮುಂಬಯಿ ರಾಜ್ಯಕ್ಕೆ ಕೊಡಲಾಯಿತು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ನಿಲಂಗಾ, ಉದಗೀರಗಳು ಅದರೊಳಗೆ ಹೋದವು. ಉಮರ್ಗಾ ಮಾತ್ರ ಉಸ್ಮಾನಾಬಾದಿನಲ್ಲಿ, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿ ಉಳಿಯಿತು. ಆ ಕಡೆಯ ಕನ್ನಡ ಮನೆಗಳಲ್ಲಿ ಅಡುಗೆ ಮನೆಯ ಮಾತು ಕನ್ನಡ, ಸಂತೆಯದು ಹಿಂದಿ-ದಖ್ಖನಿ, ಶಾಲೆ ಕಚೇರಿಗಳದು ಮರಾಠಿ. ಇಲ್ಲಿ ತುಳು, ಕನ್ನಡ, ಮಲೆಯಾಳಗಳ ನಡುವೆ ನಾವು ಬಾಳಿದಂತೆಯೇ ಅವರೂ ಬಾಳುತ್ತಾರೆ. ಸಾಧಾರಣ ಮಕ್ಕಳು ಈ ಮೂರನ್ನೂ ಆಡುತ್ತಾ ಆಡುತ್ತಾ ಕಲಿತುಬಿಡುವುದರಿಂದ ಯಾರಿಗೂ ಇದರ ಯೋಚನೆ ಬರುವುದಿಲ್ಲ. ಸ್ವಲೀನತೆ ಅಥವಾ ಆಟಿಸಂ ಇರುವ ಮಗು ಹುಟ್ಟಿದಾಗ ಮಾತ್ರ ಭಾಷೆಯೇ ಅಪರಾಧಿಯ ಸ್ಥಾನದಲ್ಲಿ ನಿಲ್ಲುತ್ತದೆ.

ಆಟಿಸಂ ಎಂಬುದು ರೋಗವಲ್ಲ, ಗ್ರಹಚಾರವೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ಭೇದ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಇದಕ್ಕೆ ಹೆಸರು ಬಂತು. ಇಂಥ ಮಕ್ಕಳಲ್ಲಿ ಕೆಲವರು ಮಾತಾಡಿದರೂ ತಾವು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುತ್ತಾರೆಂದು ಕ್ಯಾನರ್ ಆಗಲೇ ಗುರುತಿಸಿದ್ದರು. ಬೀದರ ಕಡೆಯ ಕನ್ನಡದಲ್ಲಿ ಹೇಳುವುದಾದರೆ, "ಬರ್ತಿ ಏನ?" ಎಂದು ತಾಯಿ ಕೇಳಿದರೆ ಮಗು "ಬರ್ತೀನಿ" ಎನ್ನುವ ಬದಲು "ಬರ್ತಿ" ಎನ್ನುತ್ತದೆ. ಹಾಲು ಬೇಕಾದಾಗ "ನಿನಗ ಹಾಲ ಬೇಕಾ?" ಎಂದು ತಾನೇ ಕೇಳುತ್ತದೆ. ಕನ್ನಡ ಬಲ್ಲವನಿಗೆ ಇದು ಅರ್ಥಗರ್ಭಿತವಾದ ಮಾತು. ಮಗುವು ಬೇಡುತ್ತಿದೆ, ಅದರ ರೀತಿ ಬೇರೆ, ಅಷ್ಟೆ. ಕನ್ನಡ ಬಾರದ ಪರೀಕ್ಷಕನಿಗೆ ಅದು ಬರಿಯ ಸದ್ದು. "ಬ್ಯಾಡ" ಎಂದು ಮಗು ಸ್ಪಷ್ಟವಾಗಿ ಹೇಳಿದರೂ ಅವನ ಕಾಗದದಲ್ಲಿ ಮಾತಿನ ಲೆಕ್ಕ ಸೊನ್ನೆಯೇ. ಹೀಗೆ ಸೊನ್ನೆ ಹಾಕಿಸಿಕೊಂಡು ಬಂದ ಮಕ್ಕಳು ಗಡಿಯುದ್ದಕ್ಕೂ ಎಷ್ಟಿರಬಹುದು ಎಂದು ಯೋಚಿಸಿದರೆ ಮನಸ್ಸು ಕಹಿಯಾಗುತ್ತದೆ.

ಈಚಿನ ವರ್ಷಗಳಲ್ಲಿ ಎಲ್ಲ ದೇಶಗಳ ತಜ್ಞರೂ ಒತ್ತಿ ಹೇಳುತ್ತಿರುವುದು ತಂದೆತಾಯಂದಿರ ತರಬೇತಿಯನ್ನು. ವಾರಕ್ಕೊಮ್ಮೆ ಅರ್ಧ ಗಂಟೆ ತಜ್ಞರ ಮುಂದೆ ಕುಳಿತ ಮಾತ್ರಕ್ಕೆ ಮಗು ಕಲಿಯುವುದು ಕಡಿಮೆ. ಮೀಯಿಸುವಾಗ, ಉಣಿಸುವಾಗ, ಮಲಗಿಸುವಾಗ ಜೊತೆಗಿರುವವರು ಮನೆಯವರೇ. ಕಲಿಸುವ ಕ್ರಮ ಕೇಳಿದರೆ ಬಹಳ ಸರಳ, ಮಾಡಲು ಹೊರಟರೆ ಕಷ್ಟ. ಮಗುವಿನ ಎದುರು ನೆಲದ ಮೇಲೆ ಅದರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಬೇಕು. ನಾವು ತಂದ ಆಟಿಕೆಯತ್ತ ಅದನ್ನು ಎಳೆಯದೆ ಅದು ನೋಡುತ್ತಿರುವುದರತ್ತ ನಾವೇ ಹೋಗಬೇಕು. ಅದು ತಟ್ಟೆಯನ್ನು ತಿರುಗಿಸುತ್ತಿದ್ದರೆ ನಾವೂ ಒಂದು ತಟ್ಟೆ ತಿರುಗಿಸಬೇಕು. "ಇದೇನು? ಅದೇನು? ಹೇಳು, ಹೇಳು" ಎಂಬ ಪ್ರಶ್ನೆಗಳ ಮಳೆಯನ್ನು ನಿಲ್ಲಿಸಿ "ತಟ್ಟೆ ತಿರುಗಿತು", "ಬಿತ್ತು" ಎಂದು ಎರಡೇ ಶಬ್ದಗಳಲ್ಲಿ ಹೇಳಿ ಸುಮ್ಮನಾಗಬೇಕು. ಈ ಸುಮ್ಮನಾಗುವುದೇ ಎಲ್ಲಕ್ಕಿಂತ ಕಷ್ಟ. (ನಮ್ಮಂತಹ ಉಪಾಧ್ಯಾಯರಿಗಂತೂ ಇನ್ನೂ ಕಷ್ಟ, ಪ್ರಶ್ನೆ ಕೇಳಿ ಉತ್ತರವನ್ನೂ ನಾವೇ ಹೇಳಿ ಅಭ್ಯಾಸವಾದವರು.) ಉಯ್ಯಾಲೆಯನ್ನು ನಾಲ್ಕು ಸಲ ತೂಗಿ ಐದನೆಯ ಸಲಕ್ಕೆ ತಡೆಹಿಡಿದು, ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಆ ಹತ್ತರೊಳಗೆ ಮಗು ಒಮ್ಮೆ ಮುಖ ನೋಡಿದರೆ, ಕೈ ಅಲುಗಿಸಿದರೆ, "ಊಂ" ಎಂದರೆ ಅದನ್ನೇ ಮಾತೆಂದು ಎಣಿಸಿ ಕೂಡಲೇ ತೂಗಬೇಕು. ಚಿತ್ರ ತೋರಿಸಿ ಕೇಳುವುದನ್ನು ಕಲಿಸಿದರೆ ಬಾಯಿಮಾತು ನಿಂತುಹೋದೀತೆಂದು ಹಲವರು ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಕೆಲವು ಮಕ್ಕಳಿಗೆ ಬಾಯಿಮಾತು ಕೊನೆಗೂ ಬಾರದಿರಬಹುದು. ಅವರಿಗೆ ಚಿತ್ರವೂ ಸನ್ನೆಯೂ ಭಾಷೆಯೇ. ಇವೆಲ್ಲಕ್ಕೆ ಮೊದಲು ಕಿವಿಯ ಪರೀಕ್ಷೆಯೊಂದು ಆಗಿರಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಇದು ಬರೇ ಊಹೆಯ ಮಾತಲ್ಲ. ಇಂಗ್ಲೆಂಡಿನಲ್ಲಿ 152 ಪುಟ್ಟ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಅಲ್ಲಿ ತಂದೆತಾಯಿ ಮಗುವಿನೊಡನೆ ಆಡುವುದನ್ನು ವೀಡಿಯೋ ಹಿಡಿದು, ತಜ್ಞರು ಅವರ ಜೊತೆಗೇ ಕುಳಿತು ನೋಡಿ, ಎಲ್ಲಿ ಚೆನ್ನಾಗಿ ಸ್ಪಂದಿಸಿದ್ದಾರೆಂದು ತೋರಿಸುತ್ತಿದ್ದರು. ನಮಗೆ ಹೆಚ್ಚು ಹತ್ತಿರವಾದುದು ಅದೇ ಕ್ರಮವನ್ನು ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳ ಮನೆಯವರೊಡನೆ ಮಾಡಿ ನೋಡಿದ ಪ್ರಯೋಗ. ಕಲಿಸಿದವರು ತಜ್ಞರಲ್ಲ, ತಜ್ಞರಿಂದ ತರಬೇತಿ ಪಡೆದು ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. 2016ರಲ್ಲಿ ಪ್ರಕಟವಾದ ವರದಿಯಂತೆ ಆ ಮನೆಗಳಲ್ಲಿ ತಂದೆತಾಯಿಯ ಸ್ಪಂದನ ಹೆಚ್ಚಿತು, ಮಕ್ಕಳು ತಾವಾಗಿ ಸಂಪರ್ಕಕ್ಕೆ ಬರುವುದೂ ಹೆಚ್ಚಿತು. ಯಾರೂ "ಗುಣವಾಗಲಿಲ್ಲ"; ಗುಣಮಾಡುತ್ತೇವೆಂದು ಹಣ ಕೀಳುವವರನ್ನು ದೂರವಿಡಬೇಕು. ಆದರೆ ಒಳ್ಳೆಯ ಮೇಲ್ವಿಚಾರಣೆಯಿದ್ದರೆ ಹಳ್ಳಿಯ ಒಬ್ಬ ಕಾರ್ಯಕರ್ತೆಯೂ ಈ ಕೆಲಸ ಮಾಡಬಲ್ಲಳೆಂಬುದು ಸಣ್ಣ ವಿಷಯವಲ್ಲ.

ಈಗ ಭಾಷೆಯ ಮಾತಿಗೆ ಬರೋಣ. ಸಂತೆಯಲ್ಲಿ ಜೋಳ ಮಾರುವಷ್ಟು ಮರಾಠಿ ಬಲ್ಲ ತಾಯಿಗೆ ಆ ಭಾಷೆಯಲ್ಲಿ ಮುದ್ದು ಮಾಡಲು ಬರುತ್ತದೆಯೇ? ಮಗು ತಟ್ಟೆ ತಿರುಗಿಸಿದ್ದಕ್ಕೆ ಥಟ್ಟನೆ ಒಂದು ತಮಾಷೆಯ ಶಬ್ದ ಹುಟ್ಟುತ್ತದೆಯೇ? ಬಾರದ ಭಾಷೆಯಲ್ಲಿ ನಮಗೆ ಬರುವುದು ಆಜ್ಞೆಗಳು ಮಾತ್ರ: ಬಾ, ಕೂತುಕೋ, ತಿನ್ನು. ತರಬೇತಿ ಬೇಡುವುದಾದರೋ ಇದಕ್ಕೆ ತೀರಾ ವಿರುದ್ಧವಾದುದನ್ನು. ಅಜ್ಜಿಯಂತೂ ಮರಾಠಿ ಬಾರದೆ ಮೊಮ್ಮಗುವಿನ ಮುಂದೆ ಬಾಯಿ ಮುಚ್ಚಿ ಕೂರಬೇಕಾಗುತ್ತದೆ. ಮಾತು ಕಡಿಮೆಯಿರುವ ಮಗುವಿನ ಸುತ್ತಲಿನ ಮಾತನ್ನು ಇನ್ನೂ ಕಡಿಮೆ ಮಾಡುವ ಚಿಕಿತ್ಸೆ ಇದು. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗು ಗಲಿಬಿಲಿಗೊಳ್ಳುತ್ತದೆಂಬ ವಾದಕ್ಕೂ ಬೆಂಬಲ ಸಿಕ್ಕಿಲ್ಲ. ಕೆನಡಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಎರಡು ಭಾಷೆಯ ಮನೆಗಳ ಇಂಥ ಮಕ್ಕಳು ಒಂದೇ ಭಾಷೆಯ ಮನೆಗಳ ಇಂಥ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಆ ಬಳಿಕದ ಅಧ್ಯಯನಗಳೂ ಹೆಚ್ಚು ಕಡಿಮೆ ಇದನ್ನೇ ಹೇಳಿವೆ.

ಒಂದು ಎಚ್ಚರಿಕೆ ಅಗತ್ಯ. ತಾಯಿಗೆ ತರಬೇತಿ ಎಂದೊಡನೆ ತಪ್ಪು ತಾಯಿಯದೇ ಎಂಬ ತೀರ್ಪು ನಮ್ಮ ಮನೆಗಳಲ್ಲಿ ಸಿದ್ಧವಾಗಿರುತ್ತದೆ. ತಾಯಿಯ ಮಮತೆ ಸಾಲದೆ ಆಟಿಸಂ ಬರುತ್ತದೆಂದು ಬ್ರೂನೋ ಬೆಟಲ್‌ಹೈಮ್ ಎಂಬವರು 1967ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಅಂತಹ ಮಗುವಿನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿಯೇ ಆ ವಾದವನ್ನು ಖಂಡಿಸಿದ್ದರು, ಕೊನೆಗೆ ಅವರೇ ಗೆದ್ದರು. ನಮ್ಮ ಅತ್ತೆಯಂದಿರಿಗೆ ಮಾತ್ರ ಆ ಸುದ್ದಿ ಇನ್ನೂ ತಲಪಿಲ್ಲ. ತರಬೇತಿಗೆ ತಂದೆಯೂ ಕುಳಿತುಕೊಳ್ಳಲಿ. ಹೊಲದಿಂದ ಬಂದ ಮೇಲೆ ಅರ್ಧ ಗಂಟೆ ನೆಲದ ಮೇಲೆ ಕುಳಿತರೆ ಗಂಡಸುತನಕ್ಕೆ ಕುಂದಿಲ್ಲ. ಹಾಗೆಯೇ, ತಾಯಿ ಕಲಿತಳಲ್ಲ ಎಂದು ಸರಕಾರವು ವಾಕ್‌ತಜ್ಞರ ಹುದ್ದೆಗಳನ್ನು ಖಾಲಿ ಬಿಡಲೂ ಇದು ನೆಪವಾಗಬಾರದು.

ಕಾನೂನಿಗೆ ಕೊರತೆಯಿಲ್ಲ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಬಂತು, 2016ರ ಕಾಯಿದೆಯ 21 ವೈಕಲ್ಯಗಳಲ್ಲಿಯೂ ಸೇರಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಬಂದು ಮಕ್ಕಳನ್ನು ನೋಡಬೇಕು, ಬೆಳವಣಿಗೆಯಲ್ಲಿ ಹಿಂದುಳಿದವರನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆನ್ನುತ್ತದೆ. ಆದರೆ ಶಾಲೆಯ ಹೊಸ್ತಿಲು ತುಳಿಯುವ ಮೊದಲೇ, ಎರಡು ಮೂರು ವರ್ಷದಲ್ಲಿ, ಮಾತೃಭಾಷೆ ಜೀವಾಳವಾಗುವ ಮಗುವನ್ನು ಆ ವಿಧಿ ಬರೆದವರು ಕಂಡಿರಲಿಲ್ಲ. ಶಾಲೆ, ಪಠ್ಯಪುಸ್ತಕ, ನೇಮಕಾತಿಗಳಿಗಾಗಿ ಹೋರಾಡುವ ನಮ್ಮ ಸಂಘಟನೆಗಳೂ ಈ ಮಗುವನ್ನು ಕಂಡಂತಿಲ್ಲ. ಎಂಡೋಸಲ್ಫಾನಿನ ದುರಂತದ ಬಳಿಕ ನಮ್ಮ ಜಿಲ್ಲೆಯಲ್ಲಿ ಬಡ್ಸ್ ಶಾಲೆಗಳು ತೆರೆದಾಗ ಅಲ್ಲಿಯ ಮಾತು ಯಾವುದಿರಬೇಕೆಂದು ಎಷ್ಟು ಮಂದಿ ಕೇಳಿದೆವು?

ದಾರಿಯಿಲ್ಲದಿಲ್ಲ. ಆಶಾ ಕಾರ್ಯಕರ್ತೆಯು ಅದೇ ಊರಿನ ನಿವಾಸಿಯಾಗಿರಬೇಕೆಂಬುದು ನಿಯಮ. ಆದುದರಿಂದ ಕನ್ನಡದ ಹಳ್ಳಿಗೆ ಕನ್ನಡ ಬಲ್ಲ ಕಾರ್ಯಕರ್ತೆ ಈಗಲೇ ಇದ್ದಾಳೆ. ಅವಳಿಗೆ ಕಲಿಸಲು ಕನ್ನಡದಲ್ಲಿಯೇ ಕೆಲಸ ಮಾಡಿದ ಸಂಸ್ಥೆಗಳು ಇವೆ: ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿಯೇ ಡಾ. ಪ್ರತಿಭಾ ಕಾರಂತರು ಕಟ್ಟಿದ, ತಾಯಂದಿರನ್ನು ಜೊತೆಗೆ ಕೂರಿಸಿಕೊಂಡೇ ಕಲಿಸುವ ಕಮ್ಯುನಿಕೇಶನ್ ಡೀಲ್. ಲಾತೂರು, ಧಾರಾಶಿವಗಳ ಆರೋಗ್ಯಾಧಿಕಾರಿಗಳು ಬೀದರ, ಕಲಬುರಗಿಯವರೊಡನೆ ಒಂದು ಒಪ್ಪಂದ ಮಾಡಿಕೊಂಡರೆ ಮೇಲ್ವಿಚಾರಣೆ ಫೋನಿನಲ್ಲೂ ನಡೆದೀತು. ಕಾಸರಗೋಡಿಗೆ ಮಂಗಳೂರು ಇನ್ನೂ ಹತ್ತಿರ. ಬರುವ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕುವ ಸಂಘಗಳು ಆ ತಿಂಗಳಲ್ಲಿ ಎರಡು ದಿನವನ್ನು ಇದಕ್ಕೆ ತೆಗೆದಿಡಲಿ. ಕನ್ನಡ ಬಲ್ಲ ಒಬ್ಬ ವಾಕ್‌ತಜ್ಞರನ್ನು ಕರೆಸಿ, ಇಂಥ ಮಕ್ಕಳಿರುವ ಹತ್ತು ಮನೆಯವರನ್ನೂ ಊರಿನ ಅಂಗನವಾಡಿ ಶಿಕ್ಷಕಿಯರನ್ನೂ ಒಟ್ಟಿಗೆ ಕೂರಿಸಲಿ. ಬೀದರದಿಂದ ಭಾಲ್ಕಿ, ಕಮಲನಗರ ದಾಟಿ ಉದಗೀರಕ್ಕೆ ರೈಲು ಹೋಗುತ್ತದೆ.