ಮದ್ದು ಬಿಡೋಕೆ ಯಾವ ವಾರ?

ಮೇ ಕೊನೆಯಲ್ಲಿ ಪುತ್ತೂರು, ಸುಳ್ಯ, ಕಡಬದ ಅಡಿಕೆ ಬೆಳೆಗಾರರ ತಲೆಯಲ್ಲಿ ಇರೋದು ಒಂದೇ ಪ್ರಶ್ನೆ: ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಟ್ಟು ಮುಗಿಯುತ್ತದಾ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೋರ್ಡೋದ ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ತಪ್ಪುವುದು ದಿನದ ಲೆಕ್ಕ.

2025ರಲ್ಲಿ ಕೇರಳಕ್ಕೆ ಮುಂಗಾರು ಮೇ 27ಕ್ಕೆ, ನಾಲ್ಕು ದಿನ ಆಚೀಚೆ ಎಂದು ಹವಾಮಾನ ಇಲಾಖೆ ಹೇಳಿತ್ತು. 24ಕ್ಕೇ ಬಂತು, ಅದೇ ದಿನ ನಮ್ಮ ಕರಾವಳಿಗೂ ಕಾಲಿಟ್ಟಿತು. ಇಲಾಖೆಯ ಲೆಕ್ಕದಲ್ಲಿ ಮುನ್ಸೂಚನೆ ಸರಿ. ಜೂನ್ ಮೊದಲ ವಾರಕ್ಕೆ ಆಳು ಗೊತ್ತುಮಾಡಿಕೊಂಡವರ ಲೆಕ್ಕದಲ್ಲಿ?

ತಾಲೂಕು ಮಟ್ಟದ ಐದು ದಿನದ ಮುನ್ಸೂಚನೆ ಇದೆಯಲ್ಲ ಎನ್ನಬಹುದು. ಮರ ಹತ್ತುವವರು, ದೋಟಿಯಲ್ಲಿ ಮದ್ದು ಬಿಡುವವರು ಐದು ದಿನದಲ್ಲಿ ಸಿಗುತ್ತಾರೆಯೇ? ಬೇಕಾದದ್ದು ಎರಡು–ಮೂರು ವಾರದ ಮುನ್ನೋಟ. ಅದೂ ಇದೆ. ಪ್ರತಿ ಗುರುವಾರ ಇಲಾಖೆ ಮುಂದಿನ ನಾಲ್ಕು ವಾರದ ಚಿತ್ರ ಕೊಡುತ್ತದೆ. ಅದರಲ್ಲಿ ಕಾರವಾರದಿಂದ ಸುಳ್ಯದವರೆಗೆ ಕರಾವಳಿ ಒಂದೇ ತುಂಡು. ಘಟ್ಟದ ಬುಡದ ಸುಬ್ರಹ್ಮಣ್ಯವೂ ಪುತ್ತೂರು ಪೇಟೆಯೂ ಒಂದೇ.

ಮೂರು ವಾರ ಮೊದಲೇ ಒಂದು ಊರಿನ ಮಳೆ ಹೇಳಲು ಯಾವ ಮಾದರಿಗೂ ಆಗದು, ಒಪ್ಪೋಣ. ಆದರೆ 'ಈ ವಾರ ಸತತ ಎರಡು ದಿನ ಒಣಹವೆ ಸಿಗುವ ಸಂಭವ ಎಷ್ಟು' ಎಂದು ಅಂದಾಜು ಹೇಳಬಹುದು. ಗುರುವಾರದ ಚಿತ್ರವನ್ನು ಪಂಚಾಯಿತಿಗಳ ಮಳೆಮಾಪಕಗಳ ಹಳೆಯ ದಾಖಲೆಗೆ ಹೊಂದಿಸಿದರೆ ಆಯ್ತು. ಆ ಮಾಪಕಗಳ ಮೇಲೆಯೇ ನಮ್ಮ ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆ ನಿಂತಿದೆ: ಇತ್ತೀಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1.28 ಲಕ್ಷ ರೂ. ವಿಮಾ ಮೊತ್ತ, ರೈತರ ಕಂತು 6,400. ಪರಿಹಾರ ಕೊಡೋಕೆ ಪಂಚಾಯಿತಿ ಮಟ್ಟದ ಅಳತೆ, ಎಚ್ಚರಿಸೋಕೆ ಇಡೀ ಕರಾವಳಿಗೆ ಒಂದೇ ಮಾತು!

ಇನ್ನೊಂದು ಬೇಡಿಕೆ. ಎಂಜಿನಿಯರಿಂಗ್ ಲ್ಯಾಬ್‌ನಲ್ಲಿ ಅಳತೆಯ ಪಕ್ಕ ಅದರ ದೋಷವನ್ನೂ ಬರೆಯದಿದ್ದರೆ ರೆಕಾರ್ಡಿಗೆ ಸಹಿ ಬೀಳುತ್ತಿರಲಿಲ್ಲ. ಕಳೆದ ಹತ್ತು ಮೇ ತಿಂಗಳಲ್ಲಿ ಈ ಮುನ್ನೋಟ ನಮ್ಮ ತಾಲೂಕಿಗೆ ಎಷ್ಟು ಸಲ ತಪ್ಪಿತು ಎಂದು ಕನ್ನಡದಲ್ಲಿ ಜೊತೆಗೇ ಹಾಕಲಿ. ನಂಬಬೇಕೋ ಬೇಡವೋ, ತೋಟದವರೇ ತೀರ್ಮಾನಿಸ್ತಾರೆ.

ಮೊದಲ ಸುತ್ತಾದ 40–45 ದಿನಕ್ಕೆ ಎರಡನೆಯದು, ಅಂದರೆ ಜುಲೈಯ ಜಡಿಮಳೆ. ಆಗ ಬೇಕಾದದ್ದು ನಡುವಿನ ಬಿಡುವು. ಮುಂಗಾರು ಜೋರಾಗುವ, ಸುಮ್ಮನಾಗುವ ಈ ಏರಿಳಿತವೇ ನಾಲ್ಕು ವಾರದ ಮುನ್ನೋಟಕ್ಕೆ ಸ್ವಲ್ಪ ಕೈಗೆಟಕುವ ವಿಷಯ. ಅದನ್ನು ತೋಟದ ಮಾತಿಗೆ ಇಳಿಸಲು ಜನ ಬೇಕು. ದೇಶದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಕೇಂದ್ರ ಮುಚ್ಚಿದ್ದು 2024ರಲ್ಲಿ.