ಜರ್ಮನ್ ಕಲಿಯೋಕೆ ಕನ್ನಡ ಬಿಡಬೇಕಾ?

ಕಳೆದ ಚಳಿಗಾಲದ ಒಂದು ಗುರುವಾರ ರಾತ್ರಿ. ಹಮ್ರಿಯಾದಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯ ಮನೆಗೆ ಊಟಕ್ಕೆ ಹೋಗಿದ್ದೆ. ಮಗಳು ಹನ್ನೆರಡನೇ ಕ್ಲಾಸು, ಮುಂದೆ ಜರ್ಮನಿಯಲ್ಲಿ ನರ್ಸಿಂಗ್ ಮಾಡೋ ಯೋಚನೆ, ಸಂಜೆ ಆನ್‌ಲೈನ್ ಕ್ಲಾಸು. "ಹೇಗಿದೆಯಮ್ಮಾ ಜರ್ಮನ್?" ಅಂದೆ. ಅವಳು ಬಾಯಿ ತೆರೆಯೋ ಮೊದಲೇ ಅವರಪ್ಪ ಅಡ್ಡ ಬಂದರು. "ಒಂದು ವರ್ಷ ಅವಳ ಹತ್ರ ಕನ್ನಡ ಬೇಡ ಸಾರ್, ಇಂಗ್ಲಿಷಲ್ಲೇ ಮಾತಾಡಿ. ಎಲ್ಲಾ ಭಾಷೆ ತಲೇಲಿ ಕಲಸಿಹೋಗುತ್ತೆ."

ಉಂಡ ಮನೆಯಲ್ಲಿ ವಾದ ಮಾಡಬಾರದು ಅಂತ ಸುಮ್ಮನಾದೆ. ಅಲ್ಲಿ ನುಂಗಿಕೊಂಡದ್ದನ್ನು ನಿಮ್ಮ ಮುಂದೆ ಹೇಳ್ತೀನಿ, ಯಾಕೆಂದರೆ ಇದನ್ನು ಕೇಳಿಸಿಕೊಂಡು ಬೆಳೆಯುತ್ತಿರುವವರು ನೀವು.

ನಿಮಗೆ ಏಸಿ ಜಾಸ್ತಿಯಾಯಿತು ಅಂದುಕೊಳ್ಳಿ. ಇಂಗ್ಲಿಷಿನ ದಾರಿಯಲ್ಲಿ ಜರ್ಮನ್‌ಗೆ ಹೋದವರು "ಇಷ್ ಬಿನ್ ಕಾಲ್ಟ್" ಅಂತಾರೆ. ಅದು 'ನಾನು ತಣ್ಣಗಿನ ಮನುಷ್ಯ, ಕರುಣೆ ಇಲ್ಲದವನು' ಅನ್ನೋ ಹಾಗೆ ಕೇಳುತ್ತೆ. ಸರಿಯಾದದ್ದು "ಮಿಯರ್ ಇಸ್ಟ್ ಕಾಲ್ಟ್". ಮಿಯರ್ ಅಂದರೆ ನನಗೆ. ನನಗೆ ಚಳಿ! ಚತುರ್ಥಿ ವಿಭಕ್ತಿ. ನಿಮ್ಮ ಅಜ್ಜಿ ಯಾವ ಪುಸ್ತಕವೂ ಇಲ್ಲದೆ ದಿನಕ್ಕೆ ಹತ್ತು ಸಲ ಬಳಸೋದು ಇದನ್ನೇ. "ಮಿಯರ್ ಗೆಫೆಲ್ಟ್ ಡಾಸ್" ಅಂದರೂ ಅಷ್ಟೇ, ನನಗೆ ಅದು ಹಿಡಿಸಿತು. ಇಂಗ್ಲಿಷ್ ಮಾತ್ರ ಬಲ್ಲವರು ಇದಕ್ಕೆ ವಾರಗಟ್ಟಲೆ ತಲೆ ಚಚ್ಚಿಕೊಳ್ಳುತ್ತಾರೆ. ನಿಮಗೆ ಒಂದು ಸಾಲು ಸಾಕು.

ಇನ್ನೊಂದು ನೋಡಿ. "ಇಷ್ ವೈಸ್, ದಾಸ್ ಎರ್ ಮೋರ್ಗೆನ್ ಕೊಮ್ಟ್." ಎರ್, ಮೋರ್ಗೆನ್, ಕೊಮ್ಟ್: ಅವನು, ನಾಳೆ, ಬರ್ತಾನೆ. ಕ್ರಿಯಾಪದ ಕೊನೆಗೆ ಹೋಗಿ ಕೂತಿದೆ, ಕನ್ನಡದಲ್ಲಿ ಕೂರೋ ಹಾಗೆ. ಮುಖ್ಯವಾಕ್ಯದಲ್ಲಿ ಹೀಗಲ್ಲ, ಅಲ್ಲಿ ಅದು ಎರಡನೇ ಜಾಗದಲ್ಲೇ ಇರಬೇಕು. ಆ ಪಾಠ ಹೊಸದಾಗಿ ಕಲೀಬೇಕು. ಆದರೆ ಉಪವಾಕ್ಯದ ಕಷ್ಟ ನಿಮ್ಮದಲ್ಲ. ಸೀ ಮತ್ತು ಡು ಅಂದರೆ ನೀವು ಮತ್ತು ನೀನು. ಯಾರಿಗೆ ಯಾವುದು ಅನ್ನೋ ಅಳುಕು ಕೂಡ ನಮಗೆ ಹಳೇದೇ. (ಅಲ್ಲಿ 'ಇನ್ಮೇಲೆ ಡು ಅನ್ನೋಣ' ಅಂತ ಹೇಳೋ ಹಕ್ಕು ಸಾಮಾನ್ಯವಾಗಿ ಹಿರಿಯರದು.)

ಲಿಂಗದ ವಿಚಾರದಲ್ಲಿ ಕನ್ನಡ ಕೈ ಕೊಡುತ್ತೆ, ಒಪ್ಪುತ್ತೇನೆ. ಮೇಜು ಗಂಡು, ದೀಪ ಹೆಣ್ಣು, ಹುಡುಗಿ ನಪುಂಸಕ. ಬಾಯಿಪಾಠವೇ ಗತಿ. ಆದರೂ "ಡಾಸ್ ಮೇಡ್ಷೆನ್" ಅಂದಾಗ ಎಲ್ಲರೂ ನಗುವಲ್ಲಿ, 'ಅಕ್ಕ ಬಂತು' ಅನ್ನುವ ಹವ್ಯಕರ ಮನೆಯ ಮಗು ಯಾಕೆ ನಗಬೇಕು?

ಸಂಖ್ಯೆಗೆ ಹಮ್ರಿಯಾವೇ ಮೇಷ್ಟ್ರು. ಇಪ್ಪತ್ತೊಂದಕ್ಕೆ ಜರ್ಮನ್ನರು 'ಒಂದು ಮತ್ತು ಇಪ್ಪತ್ತು' ಅಂತಾರೆ. ಕೆಳಗಿನ ಅಂಗಡಿಯಲ್ಲಿ 'ವಾಹಿದ್ ವ ಇಶ್ರೀನ್' ಕೇಳಿದ್ದೀರಲ್ಲ, ಅದೇ ಕ್ರಮ. ಆದರೆ ಇಪ್ಪತ್ತು ವರ್ಷದಿಂದ ಇಲ್ಲಿರುವ ನಮಗೆ ಅರಬ್ಬಿಯಲ್ಲಿ ಇಪ್ಪತ್ತೊಂದು ಎಣಿಸೋಕೆ ಬರಲ್ಲ, ನಾಚಿಕೆ! ಪಕ್ಕದ ಮನೆಯ ಭಾಷೆ ಬೇಡ, ಅಜ್ಜಿಯ ಭಾಷೆ ಬೇಡ, ವೀಸಾದ ಭಾಷೆ ಮಾತ್ರ ಬೇಕು.

ತಲೆ ಕಲಸಿಹೋಗುತ್ತೆ ಅನ್ನೋರು ಫರ್ಡಿನಾಂಡ್ ಕಿಟೆಲ್ ಅವರನ್ನು ನೆನೆಯಲಿ. 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಬಂದ ಜರ್ಮನ್ನರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು, ಸುಮಾರು 70,000 ಪದ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಜರ್ಮನ್ನರೇ. ಅವರು ಬಂದದ್ದು ಮತಪ್ರಚಾರಕ್ಕೆ, ನಮ್ಮ ಮೇಲಿನ ಪ್ರೀತಿಗಲ್ಲ, ನಿಜ. ಆದರೆ ಕನ್ನಡ ಕಲಿಯೋಕೆ ಅವರ್ಯಾರೂ ಜರ್ಮನ್ ಮರೆಯಲಿಲ್ಲ.

ಮೂರನೇ ಮಹಡಿಯ ಅಪ್ಪನ ಭಯ ನನಗೆ ಅರ್ಥವಾಗುತ್ತೆ. ಇಲ್ಲಿನ ಕೆಲಸ ವೀಸಾ ಇರೋವರೆಗೆ. ಒಂದೊಂದು ಹುದ್ದೆಯೂ ಒಮಾನಿಗಳಿಗೇ ಮೀಸಲಾಗುತ್ತಾ ಬಂದಿದೆ, ಮಕ್ಕಳಿಗೆ ಬೇರೆ ದಡ ಬೇಕು. ಬಿ1, ಬಿ2 ಪರೀಕ್ಷೆಗೆ ದುಡ್ಡೂ ಆಗುತ್ತೆ. ಆದರೆ ಸರ್ಟಿಫಿಕೇಟು ಸಿಕ್ಕ ಮೇಲೆ ವಾರ್ಡಿನಲ್ಲಿ ಒಬ್ಬ ಮುದುಕಿ ನೋವು ಅಂತ ನರಳಿದಾಗ, ನೋವು ಅನ್ನೋ ಮಾತನ್ನು ಯಾವ ಭಾಷೆಯಲ್ಲೂ ಮನಸ್ಸಿಟ್ಟು ಆಡದ ಹುಡುಗಿ ಏನು ಮಾಡಬೇಕು?

ಅಲ್ಲಿನ ರೀತಿ-ರಿವಾಜು ಬೇರೆಯೇ, ಅದನ್ನು ಖಂಡಿತ ಕಲೀರಿ. ಮಸ್ಕತ್ತಿನಲ್ಲಿ ಭಾನುವಾರ ವಾರದ ಮೊದಲ ಕೆಲಸದ ದಿನ; ಅಲ್ಲಿ ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆದರೂ ಪಕ್ಕದವರು ಬಾಗಿಲು ತಟ್ಟಬಹುದು. ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ ಶುಭಾಶಯ ಹೇಳಬೇಡಿ, ಅಪಶಕುನ ಅಂತಾರೆ. ಫೋನ್ ಮಾಡದೆ ಯಾರ ಮನೆಗೂ ಹೋಗಬೇಡಿ. ಈ ಒಂದರಲ್ಲಿ ನಮ್ಮವರು ಫೇಲು. ಮಧ್ಯಾಹ್ನ ಆಫೀಸಿನಲ್ಲಿ ಎದುರಾದವರು "ಮಾಲ್ಟ್ಸೈಟ್" ಅಂದರೆ ಬೆಚ್ಚಬೇಡಿ. ಊಟದ ಹೊತ್ತಿನ ನಮಸ್ಕಾರ ಅದು, ನಮ್ಮ 'ಊಟ ಆಯ್ತಾ' ಇದ್ದ ಹಾಗೆ.

ಆ ರಾತ್ರಿ ಕೈ ತೊಳೆಯೋಕೆ ಎದ್ದಾಗ ಹುಡುಗಿ ಟವೆಲ್ ಕೊಟ್ಟು, ಅಪ್ಪನಿಗೆ ಕೇಳದ ಹಾಗೆ, "ಅಂಕಲ್, ಡಾಟೀವ್ ಒಂದೂ ಅರ್ಥ ಆಗ್ತಿಲ್ಲ" ಅಂದಳು. ಕನ್ನಡದಲ್ಲೇ ಅಂದಳು. ಶನಿವಾರ ಸಂಜೆ ಐದಕ್ಕೆ ಬಾ ಅಂದಿದ್ದೇನೆ, ಅಪ್ಪನನ್ನೂ ಕರೆದುಕೊಂಡು.