ಜೇಬಿನಲ್ಲಿರುವ ಆಂಪ್ಲಿಫೈಯರು

ಗಡಿಯಾರ, ಟಾರ್ಚು, ರೇಡಿಯೋ, ಕ್ಯಾಮೆರಾ, ಲೆಕ್ಕದ ಯಂತ್ರ, ಇವೆಲ್ಲ ಒಂದೊಂದಾಗಿ ಮೊಬೈಲು ಫೋನಿನ ಹೊಟ್ಟೆಯನ್ನು ಸೇರಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಸಾಲಿಗೆ ಇನ್ನೊಂದು ಉಪಕರಣವೂ ಸೇರಿದೆ. ವಿದ್ಯುತ್ ಗಿಟಾರು ನುಡಿಸುವವರಿಗೆ ಬೇಕಾದ ಭಾರವಾದ ಆಂಪ್ಲಿಫೈಯರು ಪೆಟ್ಟಿಗೆಯ ಕೆಲಸವನ್ನೂ, ಕಾಲಿನ ಬಳಿ ಸಾಲಾಗಿ ಇಟ್ಟುಕೊಂಡು ದನಿಗೆ ಬಗೆಬಗೆಯ ಬಣ್ಣ ಕೊಡುವ ಡಬ್ಬಿಗಳ ಕೆಲಸವನ್ನೂ ಫೋನೊಂದೇ ಮಾಡಬಲ್ಲದು ಎನ್ನುತ್ತಾರೆ. 2010ರಲ್ಲಿ ಐಫೋನಿಗಾಗಿ ಆಂಪ್ಲಿಟ್ಯೂಬ್ ಎಂಬ ಆ್ಯಪೂ ಐರಿಗ್ ಎಂಬ ಪುಟ್ಟ ಜೋಡಣೆಯೂ ಮಾರುಕಟ್ಟೆಗೆ ಬಂದ ಮೇಲೆ ಈ ಮಾತು ಹಳ್ಳಿ ಪಟ್ಟಣಗಳಿಗೂ ಹರಡಿದೆ. ಇದು ಎಷ್ಟರ ಮಟ್ಟಿಗೆ ದಿಟ? ಈ ಪ್ರಶ್ನೆಯನ್ನು ನಾನು ಕೇಳಿಕೊಳ್ಳುವಂತಾದುದು ಸಿಂಧನೂರಿನಲ್ಲಿ, ನಾನೇ ಮಾಡಿದ ಒಂದು ತಪ್ಪಿನ ದೆಸೆಯಿಂದ.

ಕಳೆದ ವರ್ಷ ನಮ್ಮ ಕಾಲೇಜಿನ ಸ್ನೇಹಸಮ್ಮೇಳನ ನಡೆಯಿತು. ಮಸ್ಕಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬನು ಗಿಟಾರು ನುಡಿಸಲು ಹೆಸರು ಕೊಟ್ಟಿದ್ದನು. ಬೆಂಗಳೂರಿನಲ್ಲಿ ದುಡಿಯುವ ಅವನ ಅಣ್ಣ ಯಾರಿಂದಲೋ ಹಳೆಯದೊಂದನ್ನು ಕೊಂಡು ಕಳುಹಿಸಿದ ವಾದ್ಯವದು. ಒಳಗೆ ಪೊಳ್ಳಿಲ್ಲದ ಗಟ್ಟಿ ಮರದ್ದು; ಆಂಪ್ಲಿಫೈಯರು ಇಲ್ಲದಿದ್ದರೆ ಅದರ ದನಿ ಎದುರಿನ ಬೆಂಚನ್ನೂ ಮುಟ್ಟದು. ಆಂಪ್ಲಿಫೈಯರು ಕೊಳ್ಳುವ ಅನುಕೂಲ ಅವನಿಗಿರಲಿಲ್ಲ. ಆದುದರಿಂದ ಗಿಟಾರಿನ ಕೇಬಲ್ಲನ್ನು ಒಂದು ಜೋಡಣೆಯ ಮೂಲಕ ಫೋನಿಗೆ ಸಿಕ್ಕಿಸಿ, ಫೋನಿನಿಂದ ಬ್ಲೂಟೂತ್ ಸ್ಪೀಕರಿನ ಪೆಟ್ಟಿಗೆಗೆ ದನಿ ಹೋಗುವಂತೆ ಏರ್ಪಾಡು ಮಾಡಿಕೊಂಡಿದ್ದನು. ತಬಲಾ ಸಾಥಿಗೆ ಲಿಂಗಸೂಗೂರಿನ ಗೆಳೆಯನೊಬ್ಬ ಬಂದಿದ್ದ.

ಮೊದಲು ಪ್ರಾರ್ಥನೆಯಾಯಿತು. ವಿದ್ಯಾರ್ಥಿನಿಯರು ಹಾಡಿದರು. ಅದೇ ಪೆಟ್ಟಿಗೆಯಲ್ಲಿ, ಅದೇ ಬ್ಲೂಟೂತಿನ ಮೂಲಕ, ಫೋನಿನ ತಂಬೂರಿ ಶ್ರುತಿ ಹಿಡಿಯಿತು. ಯಾರಿಗೂ ಕೊರತೆ ಕಾಣಲಿಲ್ಲ. ಅನಂತರ ಗಿಟಾರಿನ ಸರದಿ. ಎರಡು ನಿಮಿಷ ಕಳೆಯುವುದರೊಳಗೆ ತಾಳ ಹರಿದುಹೋಯಿತು. ತಬಲದವನು ನಿಂತನು, ಮತ್ತೆ ಹಿಡಿದನು, ಮತ್ತೆ ತಪ್ಪಿತು. ಸಭೆ ನಕ್ಕಿತು. ವೇದಿಕೆಯಿಂದ ಇಳಿದು ಬಂದವನಿಗೆ ನಾನು, ಭೌತಶಾಸ್ತ್ರದ ಅಧ್ಯಾಪಕ, “ಮೊದಲು ತಾಳ ಕಲಿಯಪ್ಪ, ಆಮೇಲೆ ಈ ಯಂತ್ರಗಳ ಸಹವಾಸ” ಎಂದುಬಿಟ್ಟೆನು. ಅವನು ತಲೆ ತಗ್ಗಿಸಿಕೊಂಡು, “ನಾ ಬಾರಿಸಿದ್ದು ತಡ ಆಗಿದ್ದಿಲ್ರಿ ಸರ್, ಅದರ ದನಿ ಹೊರಗ ಬಂದದ್ದು ತಡ ಆತ್ರಿ” ಎಂದನು. ನೆವ ಹೇಳುತ್ತಿದ್ದಾನೆಂದೇ ಭಾವಿಸಿ ನಾನು ಮನೆಗೆ ಹೋದೆನು.

ಆದರೆ ಅವನ ಮಾತು ನನ್ನನ್ನು ಬಿಡಲಿಲ್ಲ. ಶ್ರುತಿಗೆ ಸರಿಯಾಗಿದ್ದ ಪೆಟ್ಟಿಗೆ ಗಿಟಾರಿಗೇಕೆ ಸರಿಯಾಗಲಿಲ್ಲ? ಎರಡು ದಿನಗಳ ತರುವಾಯ ಅವನನ್ನು ಪ್ರಯೋಗಾಲಯಕ್ಕೆ ಕರೆದೆನು. ಪ್ರಯೋಗ ಬಹು ಸರಳ. ವಾಚಕರೂ ಮಾಡಿ ನೋಡಬಹುದು. ಇನ್ನೊಂದು ಫೋನನ್ನು ಗಿಟಾರಿನ ತಂತಿಗೂ ಸ್ಪೀಕರಿಗೂ ನಡುವೆ ಇಟ್ಟು ದನಿಮುದ್ರಣ ಆರಂಭಿಸಬೇಕು. ಒಂದು ತಂತಿಯನ್ನು ಒಮ್ಮೆ ಮೀಟಬೇಕು. ಮುದ್ರಿಕೆಯನ್ನು ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ ತೆರೆದರೆ ಎರಡು ಏರುಗಳು ಕಾಣುವುವು: ಮೊದಲನೆಯದು ತಂತಿಯ ಸ್ವಂತ ಸಣ್ಣ ಸಪ್ಪಳ, ಎರಡನೆಯದು ಸ್ಪೀಕರಿನಿಂದ ಬಂದ ದನಿ. ಇವೆರಡರ ನಡುವಣ ಅಂತರವೇ ತಡ. ನಮಗೆ ದೊರೆತುದು ಸುಮಾರು 200 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಐದನೆಯ ಒಂದು ಪಾಲು. ಬ್ಲೂಟೂತನ್ನು ಬಿಟ್ಟು ವಯರಿನ ಹೆಡ್‌ಫೋನು ಸಿಕ್ಕಿಸಿ, ಅದನ್ನು ಮುದ್ರಿಸುವ ಫೋನಿಗೆ ಆನಿಸಿ ಅಳೆದಾಗ ಅದು 30 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯಿತು.

ಐದನೆಯ ಒಂದು ಪಾಲು ಸೆಕೆಂಡು ಅಲ್ಪವೆಂದು ತೋರಬಹುದು. ನಮ್ಮ ಸೆಕೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 350 ಮೀಟರು ಸಾಗುವುದು. 200 ಮಿಲಿಸೆಕೆಂಡಿನಲ್ಲಿ 70 ಮೀಟರು. ಎಂದರೆ, ಆ ಹುಡುಗನ ಬೆರಳು ವೇದಿಕೆಯ ಮೇಲಿದ್ದರೂ ಅವನ ವಾದ್ಯ 70 ಮೀಟರು ದೂರದಲ್ಲಿ, ಮೈದಾನದ ಆಚೆಯ ತುದಿಯಲ್ಲಿ ಇದ್ದಂತಾಯಿತು! ತಬಲದವನು ಆ ದೂರದ ದನಿಯನ್ನು ಕೇಳಿ ಬೋಲು ಹಿಡಿಯುತ್ತಿದ್ದನು. ಇವನು ತಬಲವನ್ನು ಕೇಳಿ ಇನ್ನಷ್ಟು ಕಾಯುತ್ತಿದ್ದನು. ಮಾತ್ರೆಗೆ ಅರ್ಧ ಸೆಕೆಂಡಿನ ನಡೆಯಲ್ಲಿ ಇದು ಕಾಲು ಮಾತ್ರೆಗಿಂತಲೂ ಹೆಚ್ಚಿನ ತಪ್ಪು. ಯಾವ ಉಸ್ತಾದರನ್ನು ಕೂರಿಸಿದರೂ ತಾಳ ನಿಲ್ಲುವುದು ಕಷ್ಟ.

ಈ ತಡ ಎಲ್ಲಿಂದ ಬರುವುದು? ಫೋನು ದನಿಯನ್ನು ಸಂಖ್ಯೆಗಳಾಗಿ ಮಾರ್ಪಡಿಸುವುದು, ಸೆಕೆಂಡಿಗೆ 48,000ದಂತೆ. ಆದರೆ ಒಂದೊಂದೇ ಸಂಖ್ಯೆಯನ್ನು ಹಿಡಿದು ಕೆಲಸ ಮಾಡದು, ಗುಂಪುಗೂಡಿಸಿ ಮಾಡುವುದು. ಸಿಂಧನೂರಿನ ಮಾರುಕಟ್ಟೆಯಲ್ಲಿ ಹಮಾಲರು ಭತ್ತವನ್ನು ಚೀಲಕ್ಕೆ ತುಂಬುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಚೀಲ ತುಂಬುವವರೆಗೆ ಮೊದಲು ಬಿದ್ದ ಕಾಳೂ ಕಾಯಬೇಕು. 256 ಸಂಖ್ಯೆಗಳ ಒಂದು ಚೀಲ ತುಂಬಲು 5 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುವುದು. ಚೀಲ ಚಿಕ್ಕದಾದಷ್ಟೂ ಕಾಯುವಿಕೆ ಕಡಿಮೆ. ಆದರೆ ಹಮಾಲಿಗೆ ಓಡಾಟ ಹೆಚ್ಚು, ಅವನು ಸೋತರೆ ಕಾಳು ನೆಲಕ್ಕೆ. ಫೋನಿನಲ್ಲಿ ಹಾಗೆ ಚೆಲ್ಲಿದ ಕಾಳೇ ನಮಗೆ ಕೇಳಿಸುವ ಚಟಪಟ ಸದ್ದು. ಬ್ಲೂಟೂತಿನಲ್ಲಿಯಾದರೋ ಇದೇ ವ್ಯಾಪಾರ ದೊಡ್ಡ ಪ್ರಮಾಣದಲ್ಲಿ ನಡೆಯುವುದು. ದನಿಯನ್ನು ಅಡಕಗೊಳಿಸಬೇಕು, ರೇಡಿಯೋ ಅಲೆಗಳಲ್ಲಿ ಕಂತುಕಂತಾಗಿ ಕಳುಹಿಸಬೇಕು. ದಾರಿಯಲ್ಲಿ ಒಂದು ಕಂತು ಕಳೆದರೆ ಹಾಡು ತುಂಡಾಗದಿರಲೆಂದು ಪೆಟ್ಟಿಗೆಯು ಸ್ವಲ್ಪ ದಾಸ್ತಾನನ್ನು ಬೇಕೆಂದೇ ಇರಿಸಿಕೊಳ್ಳುವುದು. ಸಿದ್ಧವಾದ ಹಾಡನ್ನು ಕೇಳಲು ಇದು ಜಾಣತನ; ಗಿಟಾರು ನುಡಿಸಲು ಇದೇ ಅಡ್ಡಿ.

ಫೋನು ತಯಾರಿಸುವವರಿಗೆ ಈ ವಿಷಯ ತಿಳಿಯದೆ ಇಲ್ಲ. 2015ರ ಆಂಡ್ರಾಯ್ಡ್ 6ರಲ್ಲಿ, ವೃತ್ತಿಯ ಸಂಗೀತಕ್ಕೆ ತಕ್ಕದ್ದೆನಿಸಿಕೊಳ್ಳುವ ಫೋನಿನೊಳಗೆ ದನಿ ಹೋಗಿ ಬರುವ ಒಟ್ಟು ಸಮಯ 20 ಮಿಲಿಸೆಕೆಂಡಿನೊಳಗೆ ಇರಬೇಕೆಂದು ನಿಯಮ ಮಾಡಿದರು. ಅದು 7 ಮೀಟರಿನ ದೂರ, ವೇದಿಕೆಯ ಅಗಲದಷ್ಟು. ಇದನ್ನು ಕಲಾವಿದನು ಹೇಗೋ ಸಹಿಸಿಕೊಳ್ಳಬಲ್ಲನು.

ಇನ್ನು ತಂಬೂರಿಯ ಒಗಟು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಕೊಳಲು ನುಡಿಸುವ ಎಂಜಿನಿಯರಾದ ಅವರ ರಾಡೆಲ್ ಪೆಟ್ಟಿಗೆಗಳು ದೇಶದ ಎಷ್ಟೋ ಸಂಗೀತಗಾರರ ಮನೆ ಸೇರಿದುವು. ಈಗ ಆ ಕೆಲಸವನ್ನೂ ಫೋನು ವಹಿಸಿಕೊಂಡಿದೆ. ನಮ್ಮ ಭಾಗದ ಭಜನೆಯ ಮೇಳಗಳಲ್ಲಿಯೂ ಶ್ರುತಿಗೆ ಫೋನನ್ನು ಇಟ್ಟುಕೊಳ್ಳುವವರುಂಟು. ತಂಬೂರಿಯ ನಾದ ಎಡೆಬಿಡದೆ ಹರಿಯುವಂಥದು. ಅದು 200 ಮಿಲಿಸೆಕೆಂಡು ತಡವಾಗಿ ಬಂದರೆ ಯಾರಿಗೆ ತಿಳಿಯುವುದು? ನದಿಯ ನೀರು ತಡವಾಗಿ ಬಂತೆಂದು ದೂರುವವರಿಲ್ಲ. ಗಿಟಾರಿನ ಒಂದೊಂದು ಮೀಟಿಗೂ ಆರಂಭವೆಂಬುದುಂಟು. ಆ ಆರಂಭವೇ ತಾಳ. ಪೆಟ್ಟಿಗೆ ಶ್ರುತಿಗೆ ಒಪ್ಪಿದುದರಿಂದಲೇ ನಾವೆಲ್ಲರೂ ಅದನ್ನು ನಿರ್ದೋಷಿಯೆಂದು ಎಣಿಸಿ ಹುಡುಗನನ್ನು ದೋಷಿಯೆಂದೆವು.

ತಡದ ದೋಷವನ್ನು ಕಳೆದರೆ ಉಳಿಯುವ ಯಂತ್ರ ಎಂತಹದು ಎಂಬುದನ್ನು ನೋಡೋಣ. ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳುಂಟು. ಅವುಗಳ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯ ಸಾವಿರಾರು ಸುತ್ತುಗಳುಂಟು. ಉಕ್ಕು ಕಂಪಿಸಿದಾಗ ಕಾಂತಕ್ಷೇತ್ರ ಕದಲಿ, 1831ರಲ್ಲಿ ಫ್ಯಾರಡೆ ಕಂಡ ನಿಯಮದಂತೆ, ಸುರುಳಿಯಲ್ಲಿ ಸಣ್ಣ ವೋಲ್ಟೇಜು ಹುಟ್ಟುವುದು. ಅದನ್ನು ಅಂಕಿಗಳಾಗಿಸಿದ ಮೇಲೆ ಫೋನು ಮಾಡುವುದೆಲ್ಲ ಬರಿಯ ಗಣಿತ. ‘ಡಿಸ್ಟಾರ್ಷನ್’ ಎಂದು ಗಿಟಾರಿನವರು ಕರೆಯುವ ಒರಟು ದನಿ ಹೇಗೆ ಬರುವುದು? ಸೇರಿನಲ್ಲಿ ಕಾಳು ತುಂಬಿ ತಲೆ ಸವರುವಂತೆ, ಒಂದು ಮಿತಿಗೆ ಮೀರಿದ ಅಂಕಿಗಳನ್ನೆಲ್ಲ ಸವರಿಬಿಟ್ಟರೆ ಸಾಕು. ಮೇಲೂ ಕೆಳಗೂ ಸಮನಾಗಿ ಸವರಿದರೆ ಮೂಲ ಆವೃತ್ತಿಯ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟಿನ ಉಪಸ್ವರಗಳು ಹೊಸದಾಗಿ ಹುಟ್ಟುವುವು. 110 ಹರ್ಟ್ಸಿನ ತಂತಿಯನ್ನು ಷಡ್ಜವೆಂದು ಹಿಡಿದರೆ 330 ಮೇಲಿನ ಸಪ್ತಕದ ಪಂಚಮ; 550 ಅದಕ್ಕೂ ಮೇಲಿನ ಶುದ್ಧ ಗಾಂಧಾರ. ಒಂದು ತಂತಿ ಮೀಟಿದರೆ ಮೂರು ಸ್ವರಗಳ ಸುಳಿವು!

ಇದು ಪಶ್ಚಿಮದವರ ಗದ್ದಲವೆಂದು ಮೂಗು ಮುರಿಯುವ ಹಿರಿಯರಿಗೆ ನಾನು ತಂಬೂರಿಯ ಜವಾರಿಯನ್ನು ತೋರಿಸಬಯಸುತ್ತೇನೆ. (ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ, ಈ ಜವಾರಿ ಬೇರೆ.) ತಂಬೂರಿಯ ಅಗಲವಾದ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಸರಿಸಿ ನಿಲ್ಲಿಸಿದರೆ ನಾದ ಝೇಂಕರಿಸುವುದಷ್ಟೆ. ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ಇದನ್ನು ಕುರಿತು ಬರೆದರು. ಉಪಸ್ವರವೊಂದು ತಂತಿಯ ಮೇಲೆ ಯಾವ ಬಿಂದುವಿನಲ್ಲಿ ನಿಶ್ಚಲವೋ ಅಲ್ಲಿಯೇ ಮೀಟಿದರೆ ಆ ಉಪಸ್ವರ ಕೇಳಬಾರದೆಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ನಿಯಮ. ವೀಣೆ ತಂಬೂರಿಗಳಲ್ಲಿ ಅದು ಕೇಳುವುದು, ಅದೂ ಗಟ್ಟಿಯಾಗಿ! ಕುದುರೆಯ ಬಾಗಿದ ಮೈಗೆ ತಂತಿ ಸವರಿಕೊಂಡು ಕಂಪಿಸುವುದೇ ಇದಕ್ಕೆ ಕಾರಣ. ಗಿಟಾರಿನವನು ಅಂಕಿಗಳನ್ನು ಸವರಿ ಉಪಸ್ವರ ಪಡೆಯುವನು, ನಮ್ಮವರು ನೂಲೆಳೆಯಿಂದ ಪಡೆದರು. ಮಾರ್ಗ ಬೇರೆ, ಆಸೆ ಒಂದೇ.

ಪ್ರತಿಧ್ವನಿಯೂ ಹೀಗೆಯೇ. ವಿಜಯಪುರದ ಗೋಲಗುಮ್ಮಟದ ಗುಮ್ಮಟಕ್ಕೆ ಒಳಗಡೆ ಒಂದು ಬದಿಯಿಂದ ಎದುರು ಬದಿಗೆ ಸುಮಾರು 38 ಮೀಟರು. ಶಬ್ದ ಅತ್ತ ಮುಟ್ಟಲು ಸೆಕೆಂಡಿನ ಒಂಬತ್ತನೆಯ ಒಂದು ಪಾಲು ಬೇಕು. ಫೋನು 0.4 ಸೆಕೆಂಡಿನ ಹಿಂದಿನ 19,200 ಅಂಕಿಗಳನ್ನು ನೆನಪಿಟ್ಟುಕೊಂಡು, ಅವನ್ನು ಅರ್ಧಕ್ಕಿಳಿಸಿ ಇಂದಿನ ಅಂಕಿಗೆ ಕೂಡಿಸಿದರೆ ಗುಮ್ಮಟವೊಂದು ಜೇಬಿನಲ್ಲಿ ನಿರ್ಮಾಣವಾದಂತೆ.

ಆದರೆ ‘ಆಂಪ್ಲಿಫೈಯರು’ ಎಂಬ ಹೆಸರು ಮಾತ್ರ ಫೋನಿಗೆ ಸಲ್ಲದು. ಬಣ್ಣ ಕೊಡುವುದು ಲೆಕ್ಕದ ಕೆಲಸ. ಗಾಳಿಯನ್ನು ನೂಕುವುದು ಮೈಬಲದ ಕೆಲಸ. ಗಿಟಾರಿನ ದಪ್ಪ ತಂತಿ 82 ಹರ್ಟ್ಸಿನಲ್ಲಿ ಕಂಪಿಸುವುದು. 10 ಅಂಗುಲದ ಸ್ಪೀಕರು ಒಂದು ಮಿಲಿಮೀಟರು ಮುಂದಕ್ಕೆ ಬಂದು ಎಷ್ಟು ಗಾಳಿಯನ್ನು ನೂಕುವುದೋ ಅಷ್ಟನ್ನೇ ನೂಕಲು, ಒಂದೆರಡು ಚದರ ಸೆಂಟಿಮೀಟರಿನ ಫೋನಿನ ಪೊರೆ 15 ಸೆಂಟಿಮೀಟರಿಗೂ ಮಿಕ್ಕಿ ಚಲಿಸಬೇಕು. ಫೋನಿನ ದಪ್ಪವೇ ಒಂದು ಸೆಂಟಿಮೀಟರಿಲ್ಲ! ಎಷ್ಟು ಸಾವಿರ ಕೊಟ್ಟು ಕೊಂಡ ಫೋನಾದರೂ ಇದನ್ನು ಮೀರದು. ಸಭೆಗೆ ಮೈಕ್‌ಸೆಟ್ಟೇ ಬೇಕು. ಅದು ನಮ್ಮ ಊರುಗಳಲ್ಲಿ ಬಾಡಿಗೆಗೆ ಸಿಗುವುದು. ಫೋನಿನಿಂದ ಅದಕ್ಕೆ ವಯರಿನ ಮೂಲಕ ದನಿ ಕೊಟ್ಟರಾಯಿತು. ಮನೆಯಲ್ಲಿ ಅಭ್ಯಾಸಕ್ಕೆ ವಯರಿನ ಹೆಡ್‌ಫೋನು ಸಾಕು, ನೆರೆಯವರ ನಿದ್ದೆಗೂ ಕ್ಷೇಮ.

ಒಂದು ಎಚ್ಚರಿಕೆ. ಅತಿ ಅಗ್ಗದ ಬರಿಯ ಜೋಡುವಯರಿನಿಂದ ಗಿಟಾರನ್ನು ಫೋನಿನ ಮೈಕಿನ ದಾರಿಗೆ ಸಿಕ್ಕಿಸಿದರೆ ದನಿ ಮಂಕಾಗುವುದು. ಆ ದಾರಿಯ ರೋಧ ಕೆಲವೇ ಸಾವಿರ ಓಮ್. ಗಿಟಾರಿನ ಸುರುಳಿಗೆ ಹತ್ತು ಲಕ್ಷ ಓಮಿನಷ್ಟು ಇರಬೇಕು. ಸಣ್ಣ ಬಾವಿಗೆ ದೊಡ್ಡ ಮೋಟಾರು ಇಟ್ಟಂತೆ, ಸೆಲೆ ಬತ್ತಿಹೋಗುವುದು. ಮೊದಲು ಹೋಗುವುವು ಮೇಲಿನ ಸ್ವರಗಳು. ಯುಎಸ್‌ಬಿಗೆ ಸಿಕ್ಕಿಸುವ, ಗಿಟಾರಿಗೆಂದೇ ಮಾಡಿದ ಜೋಡಣೆ ಮೇಲು. ನುಡಿಸುವಾಗ ಚಾರ್ಜರನ್ನು ತೆಗೆದಿಡಬೇಕು. ಮೋಟಾರುಗಳ ಹತ್ತಿರ ಕುಳಿತರೆ 50 ಹರ್ಟ್ಸಿನ ಗುಂಯ್ ಸದ್ದು ಸುರುಳಿಗೆ ಹತ್ತುವುದು. ಅಕ್ಕಿ ಗಿರಣಿಗಳ ಊರಿನಲ್ಲಿ ಇದನ್ನು ಹೇಳಲೇಬೇಕು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಫೋನೊಂದಿದ್ದರೆ ಎಲ್ಲವೂ ಆದಂತೆ ಎಂಬ ಮಾರಾಟಗಾರರ ಮಾತು ಸುಳ್ಳು. ಫೋನು ಹುಡುಗರನ್ನು ಕೆಡಿಸುವ ಆಟಿಕೆಯೇ ಸರಿ ಎಂಬ ನಮ್ಮ ಸ್ಟಾಫ್ ರೂಮಿನ ಮಾತೂ ಸುಳ್ಳು. ನಗರದ ವಿದ್ಯಾರ್ಥಿ ಅಂಗಡಿಗೆ ಹೋಗಿ ನಾಲ್ಕು ಪೆಟ್ಟಿಗೆಗಳನ್ನು ನುಡಿಸಿ ನೋಡಬಲ್ಲನು. ಮಸ್ಕಿಯ ಹುಡುಗನಿಗೆ ಇರುವುದು ಫೋನೊಂದೇ. ಅದನ್ನು ಹೇಗೆ ಬಳಸಬೇಕೆಂದು ಹೇಳಿಕೊಡಬೇಕಾದವರು ನಾವು. ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಸೋನೋಮೀಟರು ಇದೆ, ವರ್ಷಕ್ಕೊಮ್ಮೆ ಹೊರಗೆ ಬರುವುದು. ಪ್ರೇರಣೆ, ರೋಧ, ಉಪಸ್ವರ, ಶಬ್ದವೇಗ, ಇಷ್ಟನ್ನೂ ಒಂದೇ ಮೇಜಿನ ಮೇಲೆ ತೋರಿಸುವ ಗಿಟಾರು ಅದರ ಪಕ್ಕದಲ್ಲಿ ಏಕಿರಬಾರದು? 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಹುಡುಕಹೊರಟದ್ದು ಒಂದು, ಸಿಕ್ಕಿದ್ದು ಇನ್ನೊಂದು. ಹಾಡಿನ ಬೆನ್ನು ಹತ್ತಿದ ಹುಡುಗನಿಗೆ ಭೌತಶಾಸ್ತ್ರ ಸಿಕ್ಕಿದರೆ ನಾವು ಬೇಡವೆನ್ನಬೇಕೆ?

ಆ ಅಳತೆಯ ದಿನ ನಾನು ಅವನ ಕ್ಷಮೆ ಕೇಳಿದೆನು. ಗಿಟಾರನ್ನು ಮಾರಿಬಿಡಲು ಅವನು ಅದಾಗಲೇ ಒಬ್ಬನಿಗೆ ಮಾತು ಕೊಟ್ಟಿದ್ದನಂತೆ. ಮಾತನ್ನು ಹಿಂದಕ್ಕೆ ಪಡೆದನು. ಈಗ ಶನಿವಾರಗಳಂದು ಲಿಂಗಸೂಗೂರಿನ ಗೆಳೆಯನ ಮನೆಯಲ್ಲಿ ಇಬ್ಬರೂ ವಯರಿನ ಸ್ಪೀಕರು ಇಟ್ಟುಕೊಂಡು ಕೂರುತ್ತಾರೆ, ತಾಳ ನಿಂತಿದೆ. ಈ ವರ್ಷದ ಸ್ನೇಹಸಮ್ಮೇಳನಕ್ಕೆ ಬರುವ ಮೈಕ್‌ಸೆಟ್ಟಿನವರಿಗೆ, ವೇದಿಕೆಯಿಂದ ಅವರ ಪೆಟ್ಟಿಗೆಯವರೆಗೆ ಮುಟ್ಟುವ ಉದ್ದನೆಯ ವಯರೊಂದನ್ನು ತರಬೇಕೆಂದು ನಾನೇ ಹೋಗಿ ಹೇಳಿ ಬಂದಿದ್ದೇನೆ.